ಮೊಬೈಲ್ ಕಸಿದುಕೊಂಡರೆ ಸಾಕೇ? ಮುಂಬಯಿ ಮನೆಗಳ ಸಂಜೆ ಏಳರ ಪ್ರಶ್ನೆ

ಡೊಂಬಿವಲಿ, ಭಾಂಡುಪ್, ಮೀರಾ ರೋಡ್, ನಾಲಾಸೋಪಾರ, ಕಲ್ಯಾಣ. ಕನ್ನಡದವರು, ತುಳುವರು ಜಾಸ್ತಿ ಇರುವ ಈ ಕಡೆಗಳಲ್ಲಿ ಸಂಜೆ ಏಳರ ಹೊತ್ತಿಗೆ ಮನೆಯೊಳಗೆ ಏನು ನಡೆಯುತ್ತದೆ ಅಂತ ಅಲ್ಲಿ ಬದುಕುವವರಿಗೆ ಗೊತ್ತು. ಅಮ್ಮ ಲೋಕಲ್‌ನಲ್ಲಿ ನಿಂತುಕೊಂಡೇ ಬಂದಿರುತ್ತಾಳೆ. ಸ್ಟೇಷನ್ ಹೊರಗೆ ಸೊಪ್ಪು ತಗೊಂಡು, ಹಗಲು ಮಕ್ಕಳನ್ನು ನೋಡಿಕೊಳ್ಳುವ ಪಾಲನಾಘರದಿಂದ ಮಗುವನ್ನು ಕರೆದುಕೊಂಡು, ಮನೆಯ ಬೀಗ ತೆಗೆಯುತ್ತಾಳೆ. ಅನ್ನಕ್ಕೆ ಇಡಬೇಕು. ನಾಳೆಯ ಡಬ್ಬಕ್ಕೆ ತರಕಾರಿ ಹೆಚ್ಚಿಡಬೇಕು. ಹೊರಗೊಂದು ಕೋಣೆ, ಒಳಗೆ ಅಡುಗೆಮನೆ, ಅಷ್ಟೇ ಮನೆ. ಇಡೀ ದಿನ ಅಮ್ಮನ ಮುಖ ನೋಡದ ಮಗು ಕಾಲಿಗೆ ಸುತ್ತಿಕೊಂಡು ಬಿಡುವುದಿಲ್ಲ. ಗ್ಯಾಸ್ ಹತ್ತಿರ ಬರಬೇಡ ಅಂದರೂ ಕೇಳುವುದಿಲ್ಲ. ಕೊನೆಗೆ ಅದರ ಕೈಗೆ ಮೊಬೈಲ್ ಹೋಗುತ್ತದೆ. ಮನೆ ತಣ್ಣಗಾಗುತ್ತದೆ.

ಇದನ್ನು ನೋಡಿ "ಈಗಿನ ತಾಯಂದಿರಿಗೆ ತಾಳ್ಮೆಯೇ ಇಲ್ಲ" ಅನ್ನುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಊರಲ್ಲಾದರೆ ಆ ಅರ್ಧ ಗಂಟೆಗೆ ಅಜ್ಜಿ ಇರುತ್ತಿದ್ದರು, ದೊಡ್ಡಮ್ಮನ ಮನೆ ಇರುತ್ತಿತ್ತು, ಏನೂ ಇಲ್ಲದಿದ್ದರೆ ಅಂಗಳವಾದರೂ ಇರುತ್ತಿತ್ತು. ಇಲ್ಲಿ ಅವರೆಲ್ಲರ ಕೆಲಸವನ್ನು ಒಂದು ಮೊಬೈಲ್ ಮಾಡುತ್ತಿದೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಸ್ಥಿತಿ ಇನ್ನೂ ಕಷ್ಟ. ಅವರಿಗೆ ಪಾಲನಾಘರಕ್ಕೆ ಕೊಡುವಷ್ಟು ದುಡ್ಡಿಲ್ಲ. ಒಂಬತ್ತು ವರ್ಷದ ಅಕ್ಕನೇ ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳಬೇಕು. ಅವಳ ಕೈಯಲ್ಲಿರುವುದು ಒಂದು ಹಳೆಯ ಫೋನ್. ಅವಳಿಗೆ ಹೋಗಿ ಸ್ಕ್ರೀನ್ ಟೈಮ್ ಬಗ್ಗೆ ಪಾಠ ಹೇಳಲು ಯಾರಿಗೆ ಬಾಯಿ ಬರುತ್ತದೆ?

ಹಾಗಂತ ಇದ್ದದ್ದು ಇದ್ದ ಹಾಗೇ ಇರಲಿ ಅನ್ನುತ್ತಿಲ್ಲ. ಮಕ್ಕಳಿಗೆ ಇದರಿಂದ ನಷ್ಟ ಆಗುತ್ತಿದೆ, ಅದು ಕಣ್ಣಿಗೆ ಕಾಣುತ್ತಿದೆ. ಆದರೆ ನಾವು ಹಾಕುತ್ತಿರುವ ನಿಯಮಗಳು ಮತ್ತೆ ಮತ್ತೆ ಯಾಕೆ ಮುರಿದು ಬೀಳುತ್ತವೆ? ನನಗೆ ತೋರುವ ಕಾರಣ ಇದು: ನಾವು ನಿಯಮ ಹಾಕುವುದು ಮಗುವಿಗೆ ಮಾತ್ರ. ಇಡೀ ಮನೆಗೆ ಸೇರಿ ಹಾಕಿಕೊಂಡ ನಿಯಮವಾದರೆ ನಿಲ್ಲುತ್ತದೆ, ಮಗುವಿಗೆ ಮಾತ್ರ ಅಂದರೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ.

ನಿಮಿಷದ ಲೆಕ್ಕ ಎಷ್ಟು ಉಪಯೋಗ?

ಡಾಕ್ಟರುಗಳು ಹೇಳುವ ಅಳತೆ ಏನು ಅಂತ ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಸಲಹೆ ಕೊಟ್ಟಿತು. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹತ್ತಿರಹತ್ತಿರ ಇದನ್ನೇ ಹೇಳುತ್ತದೆ. ಎರಡು ವರ್ಷದೊಳಗೆ ಬೇಡವೇ ಬೇಡ, ನೆಂಟರ ಜೊತೆ ಆಗಾಗ ವಿಡಿಯೊ ಕಾಲ್ ಮಾತ್ರ ಅಡ್ಡಿಯಿಲ್ಲ. ಎರಡರಿಂದ ಐದರವರೆಗೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರು ಜೊತೆಗಿದ್ದಾಗ. ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಗಂಟೆಯ ಲೆಕ್ಕ ಬಿಟ್ಟು, ನಿದ್ದೆ, ಆಟ, ಓದು, ಮನೆಯವರ ಜೊತೆ ಮಾತು ಇವಕ್ಕೆ ಹೊತ್ತು ಉಳಿಯುತ್ತಿದೆಯಾ ಅಂತ ನೋಡಿ ಅನ್ನುತ್ತಾರೆ.

ವಿಡಿಯೊ ಕಾಲ್ ವಿನಾಯಿತಿ ನಮಗೆ ತುಂಬ ಬೇಕಾದದ್ದು. ಉಡುಪಿಯಲ್ಲೋ ಧಾರವಾಡದಲ್ಲೋ ಇರುವ ಅಜ್ಜಿಗೆ ಮೊಮ್ಮಗನನ್ನು ತೋರಿಸುವುದು ಕೆಟ್ಟ ಸ್ಕ್ರೀನ್ ಟೈಮ್ ಅಲ್ಲ. ಅಲ್ಲಿ ಎದುರಿಗೆ ಒಬ್ಬ ಮನುಷ್ಯರಿದ್ದಾರೆ. ಮಗು ನಕ್ಕರೆ ಅವರೂ ನಗುತ್ತಾರೆ.

ದೊಡ್ಡ ಮಕ್ಕಳ ವಿಷಯದಲ್ಲಿ ನಿಮಿಷದ ಲೆಕ್ಕ ಬಿಡುವುದಕ್ಕೂ ಕಾರಣವಿದೆ. 2019ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಲಕ್ಷಗಟ್ಟಲೆ ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯೊಂದರಿಂದಲೇ ವಿವರಿಸಬಹುದಾದದ್ದು ಹೆಚ್ಚೆಂದರೆ 0.4 ಶೇಕಡಾ ಅಂತ ಅವರಿಗೆ ಕಂಡಿತು. ಇದನ್ನು ಹಿಡಿದುಕೊಂಡು "ನೋಡಿ, ಏನೂ ತೊಂದರೆ ಇಲ್ಲ" ಅನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಒಟ್ಟು ಗಂಟೆಯನ್ನು ಮಾತ್ರ ಎಣಿಸಿದರೆ ನಿಜವಾದ ವಿಷಯ ಕೈಗೆ ಸಿಗುವುದಿಲ್ಲ ಅನ್ನುವುದೇ ಅದರ ಪಾಠ. ಭಾನುವಾರ ಮಧ್ಯಾಹ್ನ ಅಪ್ಪನ ಪಕ್ಕ ಕೂತು ನೋಡಿದ ಒಂದು ಗಂಟೆ ಮ್ಯಾಚ್ ಒಂದು ರೀತಿ. ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ನೋಡಿದ ಒಂದು ಗಂಟೆ ರೀಲ್ಸ್ ಇನ್ನೊಂದು ರೀತಿ. ಎರಡನೆಯದು ನಿದ್ದೆಯನ್ನು ತಿಂದಿರುತ್ತದೆ.

ಹಾಗಾಗಿ ಕೇಳಬೇಕಾದ್ದು ಇದು: ಸ್ಕ್ರೀನ್ ಬಂದಾಗ ಯಾವುದು ಹೋಯಿತು? ಮುಂಬಯಿಯ ಕನ್ನಡ ಮನೆಗಳಲ್ಲಿ ಮೂರು ಹೋಗುತ್ತಿವೆ. ಮಾತು, ನಿದ್ದೆ, ಆಟ.

ಮಾತು

ಆಸ್ಟ್ರೇಲಿಯಾದಲ್ಲಿ 220 ಮನೆಗಳ ಪುಟ್ಟ ಮಕ್ಕಳಿಗೆ, ಸುತ್ತಲಿನ ಮಾತು ದಾಖಲಿಸುವ ಸಣ್ಣ ಯಂತ್ರ ತೊಡಿಸಿ ಅಧ್ಯಯನ ಮಾಡಿದರು. 2024ರಲ್ಲಿ ಅದು ಪ್ರಕಟವಾಯಿತು. ಮೂರು ವರ್ಷದ ವಯಸ್ಸಿನಲ್ಲಿ, ಪರದೆಯ ಮುಂದೆ ಕಳೆದ ಒಂದೊಂದು ನಿಮಿಷ ಜಾಸ್ತಿಯಾದ ಹಾಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು ಏಳು ಪದದಷ್ಟು ಕಮ್ಮಿಯಾಗುತ್ತಿತ್ತು. ಮಗು ತಾನೇ ಆಡುವ ಮಾತೂ ಕಮ್ಮಿ. ಒಬ್ಬರು ಹೇಳಿ ಇನ್ನೊಬ್ಬರು ಉತ್ತರ ಕೊಡುವ ಸಂಭಾಷಣೆಯೂ ಕಮ್ಮಿ.

ಇದನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಿ. ಇಲ್ಲಿ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್ ಸಿಗುತ್ತದೆ, ಬಿಲ್ಡಿಂಗ್ ಕೆಳಗೆ ಹಿಂದಿ, ಅಂಗಡಿಯಲ್ಲಿ ಮರಾಠಿ. ಕಾರ್ಟೂನ್ ಹಿಂದಿಯಲ್ಲೇ ಮಾತಾಡುತ್ತದೆ. ಕನ್ನಡವೋ ತುಳುವೋ ಸಿಗುವುದು ಮನೆಯ ಮಾತಿನಲ್ಲಿ ಮಾತ್ರ. ಬೇರೆ ಎಲ್ಲಿಂದಲೂ ಬರುವುದಿಲ್ಲ. ಬೆಂಗಳೂರಿನ ಮಗು ಒಂದು ಗಂಟೆ ಮೊಬೈಲ್ ನೋಡಿದರೆ ಹೊರಗೆ ಹೋಗಿ ಕನ್ನಡ ಕೇಳಿಸಿಕೊಳ್ಳಬಹುದು. ಇಲ್ಲಿಯ ಮಗುವಿಗೆ ಆ ಒಂದು ಗಂಟೆ ಹೋದರೆ ಆ ದಿನದ ಕನ್ನಡವೇ ಹೋಯಿತು. ಅಜ್ಜಿ ಊರಿಂದ ಬಂದಾಗ ಮೊಮ್ಮಗಳು "ಪಾನಿ ದೋ" ಅನ್ನುತ್ತಾಳೆ, ಅಜ್ಜಿ ಸೊಸೆಯ ಮುಖ ನೋಡುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ ಇದು. ಅದರ ಹೊಣೆಯನ್ನು ನಾವು ಸಾಮಾನ್ಯವಾಗಿ ಇಂಗ್ಲಿಷ್ ಮೀಡಿಯಂ ಮೇಲೆ ಹಾಕುತ್ತೇವೆ. ಶಾಲೆಗೆ ಹೋಗುವ ಮೊದಲೇ, ಊಟದ ತಟ್ಟೆಯ ಮುಂದೆಯೇ ಅದು ಶುರುವಾಗಿರುತ್ತದೆ.

ಊಟದ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಬಿಲ್ಡಿಂಗ್‌ನ ಒಂದು ಮನೆಯಲ್ಲಿ ನಾಲ್ಕು ವರ್ಷದ ಹುಡುಗನಿಗೆ ಉಪ್ಪಿಟ್ಟು ತಿನ್ನಿಸುವುದನ್ನು ನೋಡಿದ್ದೇನೆ. ಸ್ಟೀಲ್ ಡಬ್ಬಕ್ಕೆ ಒರಗಿಸಿದ ಫೋನ್. ಅವನ ಕಣ್ಣು ಅದರ ಮೇಲೆ. ಅಮ್ಮ ಚಮಚ ತುಟಿಗೆ ತಾಗಿಸಿದರೆ ಬಾಯಿ ತಾನಾಗಿ ತೆರೆಯುತ್ತದೆ. ಜಗಿಯುವುದು ಅರ್ಧಕ್ಕೆ ನಿಲ್ಲುತ್ತದೆ, ಕೆನ್ನೆಯಲ್ಲಿ ತುತ್ತು ಹಾಗೇ ಇರುತ್ತದೆ. ಅಮ್ಮ ಮೆಲ್ಲಗೆ ಕೆನ್ನೆ ತಟ್ಟುತ್ತಾಳೆ. ನಡುವೆ ಜಾಹೀರಾತು ಬಂದ ಕೂಡಲೇ ಅವನು ಮುಖ ತಿರುಗಿಸಿ "ಬೇಡ" ಅನ್ನುತ್ತಾನೆ. ಜಾಹೀರಾತು ಮುಗಿದರೆ ಮತ್ತೆ ಬಾಯಿ ತೆರೆಯುತ್ತದೆ. ಹಸಿವಾಗಿದೆಯೋ ಹೊಟ್ಟೆ ತುಂಬಿದೆಯೋ ಅವನಿಗೇ ಗೊತ್ತಾಗುತ್ತಿಲ್ಲ. ತಟ್ಟೆ ಖಾಲಿಯಾಯಿತು ಅಂತ ಅಮ್ಮನಿಗೆ ಸಮಾಧಾನ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಇಬ್ಬರ ನಡುವೆ ಆದ ಮಾತು "ಆ ಮಾಡು" ಒಂದೇ.

ನಿದ್ದೆ

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ಬೆಳಿಗ್ಗೆ ಒಂಬತ್ತಕ್ಕಿಂತ ಮೊದಲು ಶಾಲೆ ಶುರು ಮಾಡಬಾರದು ಅಂತ. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಅಂತ ಆಗಿನ ರಾಜ್ಯಪಾಲ ರಮೇಶ್ ಬೈಸ್ ಎತ್ತಿದ ಮಾತಿನಿಂದ ಇದು ಶುರುವಾಯಿತು. ಮುಂಬಯಿಯಲ್ಲಿ ಎರಡು ಪಾಳಿಯ ಶಾಲೆಗಳೇ ಜಾಸ್ತಿ, ಹಾಗಾಗಿ ಅಡಚಣೆಗಳೂ ಜಾಸ್ತಿ ಆದವು. ಆದರೆ ಸರ್ಕಾರ ಕೇಳಿದ ಪ್ರಶ್ನೆ ಸರಿಯಾದದ್ದೇ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಹದಿಹರೆಯದವರಿಗೆ ಎಂಟರಿಂದ ಹತ್ತು.

ಬೆಳಿಗ್ಗೆ ಆರಕ್ಕೆ ಎಬ್ಬಿಸಬೇಕಾದ ಮಗು ರಾತ್ರಿ ಒಂಬತ್ತಕ್ಕೆ ಮಲಗಬೇಕು. ಅಪ್ಪ ಅಂಧೇರಿಯಿಂದಲೋ ವಾಶಿಯಿಂದಲೋ ಬಂದು ತಲುಪುವುದೇ ಒಂಬತ್ತೂವರೆಗೆ. ಹೋಟೆಲ್ ಕೆಲಸದವರಾದರೆ ಹನ್ನೆರಡಾದರೂ ಆಯಿತು. ಅಪ್ಪನನ್ನು ನೋಡಬೇಕು ಅಂತ ಮಗು ಎಚ್ಚರವಾಗಿ ಕಾಯುತ್ತದೆ. ಕಾಯುವಾಗ ಕೈಯಲ್ಲಿ ಮೊಬೈಲ್. ಇದನ್ನು ಹಠಮಾರಿತನ ಅನ್ನುವುದಕ್ಕಾಗುತ್ತದೆಯೇ? ಅದಕ್ಕೆ ಅಪ್ಪ ಬೇಕಾಗಿದೆ. ಇಂಥ ಮನೆಯಲ್ಲಿ ಮೊಬೈಲ್ ಜಗಳ ತೀರಬೇಕಾದರೆ ಅಪ್ಪನ ಹೊತ್ತನ್ನು ಬೆಳಿಗ್ಗೆಗೆ ತರಬೇಕು. ಎಬ್ಬಿಸುವುದು, ಸ್ನಾನ ಮಾಡಿಸುವುದು, ಶಾಲೆ ಬಸ್ಸಿನವರೆಗೆ ಬಿಟ್ಟು ಬರುವುದು ಅಪ್ಪನ ಕೆಲಸ ಅಂತ ಗೊತ್ತಾದರೆ ಮಗು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತದೆ. ಹೀಗೆ ಮಾಡಿಕೊಂಡ ಮನೆಗಳಲ್ಲಿ ರಾತ್ರಿಯ ರಂಪ ಕಮ್ಮಿಯಾದದ್ದನ್ನು ನೋಡಿದ್ದೇನೆ.

ಒಂದು ದಿನ ಇಲ್ಲ, ಒಂದು ದಿನ ಹ್ಞೂಂ

ಇನ್ನು ಶಿಸ್ತಿನ ವಿಷಯ. ಹೆಚ್ಚಿನ ಮನೆಗಳಲ್ಲಿ ಹೀಗಾಗುತ್ತದೆ. ಸೋಮವಾರ ಕೇಳಿದರೆ ಇಲ್ಲ. ಮಂಗಳವಾರ ಇಲ್ಲ. ಬುಧವಾರ ಅಮ್ಮನಿಗೆ ತಲೆನೋವು, ಮಗು ಅರ್ಧ ಗಂಟೆ ಅತ್ತಿತು, "ತಗೋ ಹಾಳಾಗು" ಅಂತ ಕೊಟ್ಟಾಯಿತು. ಆ ಬುಧವಾರ ಮಗು ಕಲಿತದ್ದು ಏನು? ಅರ್ಧ ಗಂಟೆ ಅತ್ತರೆ ಸಿಗುತ್ತದೆ ಅಂತ. ಮನಶ್ಶಾಸ್ತ್ರದಲ್ಲಿ ಇದು ಹಳೆಯ ವಿಷಯ. ಅಮೆರಿಕದ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು. ಪ್ರತಿ ಸಲ ಸಿಗುವ ಬಹುಮಾನಕ್ಕಿಂತ ಯಾವಾಗಲೋ ಒಮ್ಮೆ ಸಿಗುವ ಬಹುಮಾನ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ರೀಲ್ಸ್‌ನ ಒಳಗೂ ಇದೇ ಲೆಕ್ಕ. ಮುಂದಿನದು ಚೆನ್ನಾಗಿರಬಹುದು, ಇರದೇ ಇರಬಹುದು, ಅದಕ್ಕೇ ಬೆರಳು ನಿಲ್ಲುವುದಿಲ್ಲ. ಮೊಬೈಲ್ ಒಳಗೆ ಆ ಕೆಲಸವನ್ನು ಕಂಪನಿ ಮಾಡುತ್ತದೆ, ಹೊರಗೆ ನಾವೇ ಮಾಡುತ್ತಿದ್ದೇವೆ.

ಇದಕ್ಕೆ ಸೇರಿದ ಇನ್ನೊಂದು ಮಾತು ಅಪ್ಪ ಅಮ್ಮಂದಿರಿಗೆ ಮೊದಲೇ ಗೊತ್ತಿರಬೇಕು. ಕೊಡುವುದನ್ನು ನಿಜವಾಗಿ ನಿಲ್ಲಿಸಿದಾಗ ಮೊದಲ ಕೆಲವು ದಿನ ಅಳು ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಇಷ್ಟು ದಿನ ಕೆಲಸ ಮಾಡಿದ ಉಪಾಯ ಈಗ ಯಾಕೆ ಮಾಡುತ್ತಿಲ್ಲ ಅಂತ ಮಗು ಇನ್ನೂ ಜೋರಾಗಿ ಅತ್ತು ನೋಡುತ್ತದೆ. ಪಕ್ಕದ ಮನೆಯವರಿಗೆ ಕೇಳುತ್ತದೆ, ಗೋಡೆ ತೆಳುವು, ನಾಚಿಕೆಯಾಗುತ್ತದೆ. ತುಂಬ ಮನೆಗಳು ಇಲ್ಲೇ ಸೋಲುತ್ತವೆ. ಇನ್ನೆರಡು ದಿನ ತಡೆದಿದ್ದರೆ ಇಳಿಯುತ್ತಿತ್ತು. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು: "ಅಕ್ಕ, ಈ ವಾರ ಸ್ವಲ್ಪ ಗಲಾಟೆ ಇರುತ್ತದೆ, ಮೊಬೈಲ್ ಬಿಡಿಸುತ್ತಿದ್ದೇವೆ."

"ಇನ್ನು ಎರಡೇ ನಿಮಿಷ" ಅಂತ ಎಚ್ಚರಿಕೆ ಕೊಡುವ ರೂಢಿ ನಮ್ಮಲ್ಲಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2016ರಲ್ಲಿ ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಇದನ್ನು ಗಮನಿಸಿದರು. ಎರಡು ನಿಮಿಷದ ಎಚ್ಚರಿಕೆಯಿಂದ ರಂಪ ಇನ್ನೂ ಜಾಸ್ತಿಯಾಗುತ್ತಿತ್ತು. ಒಂದು ಕಂತು ಮುಗಿದಾಗ, ಆಟದ ಒಂದು ಸುತ್ತು ಮುಗಿದಾಗ, ಇಲ್ಲವೇ ದಿನಾ ನಡೆಯುವ ಕ್ರಮದಂತೆ "ಇದಾದ ಮೇಲೆ ಸ್ನಾನ" ಅಂತ ಇದ್ದಾಗ ಬಿಡುವುದು ಸುಲಭವಾಗುತ್ತಿತ್ತು. ಹಾಗಾಗಿ ಮನೆಯಲ್ಲಿ "ಇಪ್ಪತ್ತು ನಿಮಿಷ" ಅನ್ನುವ ಬದಲು "ಒಂದು ಕಥೆ" ಅನ್ನಿ. ಯೂಟ್ಯೂಬ್‌ನ ಆಟೋಪ್ಲೇ ಆಫ್ ಮಾಡಿಡಿ. ಕಥೆ ಮುಗಿದಾಗ ಪರದೆ ತಾನೇ ನಿಲ್ಲಬೇಕು. ಸಣ್ಣ ಮಕ್ಕಳ ಕೈಗೆ ಶಾರ್ಟ್ಸ್, ರೀಲ್ಸ್ ಹೋಗಲೇಬಾರದು ಅನ್ನುವುದಕ್ಕೂ ಇದೇ ಕಾರಣ. ಅದರಲ್ಲಿ ಮುಗಿಯುವ ಜಾಗವೇ ಇಲ್ಲ.

ಹೊಡೆಯುವ ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹೊಡೆಯಬಾರದು. ನಮ್ಮಲ್ಲಿ "ನಾವೂ ಪೆಟ್ಟು ತಿಂದೇ ಬೆಳೆದದ್ದು" ಅನ್ನುತ್ತಾರೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಪೆಟ್ಟಿನಿಂದ ಮಕ್ಕಳು ಮಾತು ಕೇಳುವವರಾಗುತ್ತಾರೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಪೆಟ್ಟು ಇದ್ದ ಕಡೆ ಸಿಟ್ಟು, ಎದುರಾಡುವುದು, ಮನಸ್ಸಿನ ತೊಂದರೆ ಜಾಸ್ತಿ ಕಂಡವು. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಶಿಕ್ಷಕರಿಗೆ ಬೇಡ ಅಂದದ್ದು ಮನೆಯಲ್ಲಿ ಸರಿ ಹೇಗಾಗುತ್ತದೆ? ಮೊಬೈಲ್ ವಿಷಯದಲ್ಲಂತೂ ಪೆಟ್ಟಿನ ಫಲ ಒಂದೇ. ಮಗು ಕದ್ದು ನೋಡುವುದನ್ನು ಕಲಿಯುತ್ತದೆ.

ಸಾಂಗ್ಲಿಯ ಸೈರನ್

ನಿಯಮ ಹೇಗೆ ನಿಲ್ಲುತ್ತದೆ ಅನ್ನುವುದಕ್ಕೆ ನಮ್ಮ ಹತ್ತಿರವೇ ಒಂದು ಉದಾಹರಣೆ ಇದೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಅನ್ನುವ ಹಳ್ಳಿ. ಕಬ್ಬು ಬೆಳೆಯುವ ಸೀಮೆ. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಕೊಟ್ಟ ಮೊಬೈಲ್ ಶಾಲೆ ತೆರೆದ ಮೇಲೂ ಮಕ್ಕಳ ಕೈಯಲ್ಲೇ ಉಳಿಯಿತು. 2022ರ ಸ್ವಾತಂತ್ರ್ಯ ದಿನದ ಹೊತ್ತಿಗೆ ಊರವರು ಸೇರಿ ತೀರ್ಮಾನ ಮಾಡಿದರು. ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಎಂಟೂವರೆವರೆಗೆ ಟಿವಿ, ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾರೆ. ಮೊದಮೊದಲು ಶಿಕ್ಷಕರು, ಅಂಗನವಾಡಿಯವರು ಮನೆಮನೆಗೆ ಹೋಗಿ ನೆನಪಿಸಬೇಕಾಯಿತು. ಆಮೇಲೆ ರೂಢಿಯಾಯಿತು. ಬೆಳಗಾವಿ ಪಕ್ಕದ ಹಲಗಾದಲ್ಲೂ ಆಮೇಲೆ ಇಂಥದ್ದೇ ಪ್ರಯತ್ನ ಶುರುವಾಯಿತು.

ಸೈರನ್ ಯಾಕೆ ಕೆಲಸ ಮಾಡಿತು? ಎಲ್ಲರೂ ಸದ್ದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಅದರ ಗುಟ್ಟು ಬೇರೆ ಇದೆ. ಅಲ್ಲಿ ಅಪ್ಪನ ಸುದ್ದಿ ಚಾನೆಲ್ಲೂ ಬಂದ್ ಆಯಿತು, ಅಮ್ಮನ ಸೀರಿಯಲ್ಲೂ ಬಂದ್ ಆಯಿತು. ಮಗುವಿಗೆ "ನಿನಗೆ ಮಾತ್ರ ಯಾಕೆ" ಅಂತ ಕೇಳುವ ಜಾಗ ಉಳಿಯಲಿಲ್ಲ. ಎರಡನೆಯದು, ಹೊತ್ತು ದಿನಾ ಒಂದೇ. ಅಮ್ಮನ ಮೂಡ್ ಮೇಲೆ ನಿಂತಿಲ್ಲ. ಅಮ್ಮ ನಿಲ್ಲಿಸಿದ್ದಲ್ಲ, ಗಂಟೆ ನಿಲ್ಲಿಸಿದ್ದು. ಹಾಗಾಗಿ ಸಿಟ್ಟು ಅಮ್ಮನ ಮೇಲೆ ಬರುವುದಿಲ್ಲ. ಇನ್ನೊಂದು, ಗೆಳೆಯರ ಮನೆಯಲ್ಲೂ ಬಂದ್. ಏನೋ ತಪ್ಪಿಹೋಗುತ್ತಿದೆ ಅನ್ನುವ ತಳಮಳ ಇಲ್ಲ.

ಮುಂಬಯಿಯ ಒಂದು ಫ್ಲ್ಯಾಟ್‌ನಲ್ಲಿ ಇದನ್ನು ಹಾಗೆಯೇ ತರುವುದಕ್ಕಾಗುವುದಿಲ್ಲ. ಏಳು ಗಂಟೆಗೆ ಎಲ್ಲರೂ ಮನೆಯಲ್ಲಿ ಇರುವುದಿಲ್ಲ. ಆದರೆ ಊಟದ ಒಂದು ಗಂಟೆ ಸಿಗುತ್ತದೆ. ಅದು ಎಲ್ಲರ ಫೋನೂ ಒಂದು ಕಡೆ ಇಡುವ ಗಂಟೆ ಆಗಬಹುದು. ಬಾಗಿಲ ಪಕ್ಕದ ಶೂ ರ‍್ಯಾಕ್ ಮೇಲೆ ಒಂದು ಚಾರ್ಜಿಂಗ್ ಬೋರ್ಡ್ ಇಟ್ಟು, ಅಪ್ಪ, ಅಮ್ಮ, ಅಕ್ಕ ಎಲ್ಲರ ಫೋನೂ ಅಲ್ಲೇ. ರಾತ್ರಿಯೂ ಅಲ್ಲೇ. "ಅಲಾರಾಂ ಬೇಕಲ್ಲ" ಅನ್ನುವವರು ಒಂದು ಗಡಿಯಾರ ತಗೊಳ್ಳಬಹುದು. ಆಫೀಸ್ ಫೋನ್ ಬಂದರೆ? ಬರುತ್ತದೆ. ಎದ್ದು ಹೋಗಿ, ಬಾಗಿಲ ಹತ್ತಿರ ನಿಂತು ಮಾತಾಡಿ, ಅಲ್ಲೇ ಇಟ್ಟು ಬನ್ನಿ. ಅಪ್ಪನ ಫೋನ್ ಕೆಲಸಕ್ಕಾಗಿ, ಆಟಕ್ಕಲ್ಲ ಅಂತ ಮಗುವಿಗೆ ಆಗ ಕಣ್ಣಾರೆ ಗೊತ್ತಾಗುತ್ತದೆ. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಸ್ಕೋರ್ ನೋಡುತ್ತಾ "ಮೊಬೈಲ್ ಇಡು" ಅಂದರೆ ಯಾವ ಮಗು ಕೇಳೀತು?

ಅಡುಗೆಯ ಆ ಅರ್ಧ ಗಂಟೆಗೂ ಏನಾದರೂ ಬೇಕಲ್ವಾ? ಮೂರು ನಾಲ್ಕು ವರ್ಷದ ಮಗುವಿಗೆ ಅವರೆಕಾಳು ಬಿಡಿಸುವುದು, ಈರುಳ್ಳಿ ಬೆಳ್ಳುಳ್ಳಿ ಬೇರೆ ಮಾಡುವುದು, ನೆಲದಲ್ಲಿ ಕೂತು ಚಪಾತಿ ಹಿಟ್ಟಿನ ಉಂಡೆ ಕಟ್ಟುವುದು ದೊಡ್ಡ ಕೆಲಸವೇ. ಮನೆ ಗಲೀಜಾಗುತ್ತದೆ. ಅಡುಗೆಗೆ ಹತ್ತು ನಿಮಿಷ ಜಾಸ್ತಿ ಬೇಕು. ಆಗದ ದಿನ ಒಂದು ಕಥೆ ಹಾಕಿ ಕೊಡಿ, ಅದಕ್ಕೆ ಮನಸ್ಸಿನಲ್ಲಿ ಕೊರಗಬೇಡಿ. ಊಟದ ಹೊತ್ತಿಗೆ, ಹಾಸಿಗೆಗೆ ಅದು ಬರದಿದ್ದರೆ ಆಯಿತು.

ದೊಡ್ಡ ಮಕ್ಕಳು

ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರ ಕಥೆ ಬೇರೆ. ಹೋಂವರ್ಕ್ ಬರುವುದೇ ವಾಟ್ಸ್‌ಆ್ಯಪ್ ಗ್ರೂಪಿಗೆ. ಟ್ಯೂಷನ್ ಕ್ಲಾಸಿನವರಿಗೂ ಒಂದು ಆ್ಯಪ್. ಫೋನ್ ಕೊಡುವುದೇ ಇಲ್ಲ ಅನ್ನುವುದಕ್ಕಾಗುವುದಿಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ 2024ರ ಅಸರ್ ಸಮೀಕ್ಷಾ ವರದಿ 14ರಿಂದ 16 ವರ್ಷದ ಮಕ್ಕಳನ್ನು ಕೇಳಿತು. ಆ ವಾರ ಓದಿಗಾಗಿ ಸ್ಮಾರ್ಟ್‌ಫೋನ್ ಬಳಸಿದವರು 57 ಶೇಕಡಾ, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು 76 ಶೇಕಡಾ. ಹಳ್ಳಿಯಲ್ಲೇ ಹೀಗಿದ್ದರೆ ನಮ್ಮ ಕಡೆ ಕೇಳಬೇಕೇ.

ಈ ವಯಸ್ಸಿನವರ ಫೋನ್ ಕಸಿದುಕೊಳ್ಳುವುದು ಸಣ್ಣ ವಿಷಯವಲ್ಲ. ಅವರ ಗೆಳೆತನ, ಜಗಳ, ಗುಟ್ಟು ಎಲ್ಲ ಅದರೊಳಗಿದೆ. ಎಲ್ಲರೆದುರು ಕಸಿದು ಬೈದರೆ ಕೆಲವು ಮಕ್ಕಳಿಗೆ ಅವಮಾನ ತಡೆದುಕೊಳ್ಳಲು ಆಗುವುದಿಲ್ಲ. ನಿಯಮ ಮಾಡುವಾಗ ಅವರನ್ನು ಕೂರಿಸಿಕೊಂಡು ಮಾಡಿ. ರಾತ್ರಿ ಫೋನ್ ಹೊರಗೆ ಅನ್ನುವುದೊಂದು ಗಟ್ಟಿ ಇರಲಿ, ಉಳಿದದ್ದರಲ್ಲಿ ಅವರ ಮಾತಿಗೂ ಬೆಲೆ ಇರಲಿ. ದಿನಾ ಎರಡು ಗಂಟೆ ಗೇಮ್ ಆಡುವ ಎಲ್ಲರಿಗೂ ಚಟ ಅಂತ ಹಣೆಪಟ್ಟಿ ಹಚ್ಚಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ನಿಜ. ಆದರೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಓದು, ಊಟ, ಸಂಬಂಧ ಕೆಡುತ್ತಿದ್ದರೂ ಬಿಡಲಾಗದಿರಬೇಕು. ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಂಡಿರಬೇಕು. ಹಾಗೆ ಕಂಡರೆ ಮನೆಯಲ್ಲೇ ಒದ್ದಾಡಬೇಡಿ, ಸಹಾಯ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ರಜೆಯಲ್ಲಿ ಊರಿಗೆ ಹೋಗುವವರು ತೋರಿಸಿಕೊಂಡು ಬರಬಹುದು.

ಕಾನೂನು ಎಲ್ಲವನ್ನೂ ನೋಡಿಕೊಳ್ಳುತ್ತದೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆ ನಿಲ್ಲಿಸಿತು. ದಂಡ ಬೀಳುವುದು ಕಂಪನಿಗೆ, ಮಗುವಿಗೂ ಅಲ್ಲ, ಅಪ್ಪ ಅಮ್ಮನಿಗೂ ಅಲ್ಲ. ಅದು ಸರಿಯಾದ ಕಡೆ ಇಟ್ಟ ಹೊಣೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು, ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು ಅನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತಹಂತವಾಗಿ ಜಾರಿಯಾಗುತ್ತಿವೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಮಗು ನೋಡುವುದು ಅಮ್ಮನ ಫೋನಿನಲ್ಲಿ, ಅಮ್ಮನ ಖಾತೆಯಲ್ಲಿ. ಆ ಕಾನೂನಿಗೆ ಅಲ್ಲಿ ಮಗು ಕಾಣುವುದೇ ಇಲ್ಲ.

ಕೆಳಗಿನ ಕಂಪೌಂಡ್

ಆಟದ ಮಾತು ಉಳಿದಿತ್ತು. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇದರ ಬಗ್ಗೆ. ಮುಂಬಯಿಯಲ್ಲಿ ಜನರಿಗೆ ಸಿಗುವ ಬಯಲು ಜಾಗ ತಲೆಗೆ ಎರಡು ಚದರ ಮೀಟರ್ ಕೂಡ ಬರುವುದಿಲ್ಲ. ಇರುವ ಕಂಪೌಂಡ್‌ನಲ್ಲಿ ಕಾರು, ಬೈಕು. ಗೋಡೆಯ ಮೇಲೆ ಬಾಲ್ ಆಡಬಾರದು ಅಂತ ಬೋರ್ಡು. ಮಕ್ಕಳು ಇಳಿದರೆ ವಾಚ್‌ಮನ್ ಓಡಿಸುತ್ತಾನೆ. ಅವನ ತಪ್ಪಲ್ಲ, ಕಮಿಟಿಯವರು ಹೇಳಿದ್ದನ್ನು ಮಾಡುತ್ತಾನೆ. ವರ್ಳಿಯ ಬಿಡಿಡಿ ಚಾಳು ಅನ್ನುವ ಹಳೆಯ ವಠಾರದಲ್ಲಿ 160 ಚದರ ಅಡಿಯ ಖೋಲಿ, ಆದರೆ ಹೊರಗೆ ಉದ್ದಕ್ಕೂ ಎಲ್ಲರಿಗೂ ಸೇರಿದ ಗ್ಯಾಲರಿ. 2025ರ ಆಗಸ್ಟ್‌ನಲ್ಲಿ ಅಲ್ಲಿಯ ಮೊದಲ ಕಂತಿನ ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಯ ಕೀಲಿಕೈ ಸಿಕ್ಕಿತು. ಅಂಥ ಮನೆ ಎಲ್ಲರಿಗೂ ಸಿಗಲಿ. ಆದರೆ ಚಾಳು ಟವರ್ ಆದಾಗಲೆಲ್ಲ ಗ್ಯಾಲರಿಯ ಆಟಕ್ಕೆ ಬದಲಿ ಜಾಗ ಯಾವುದು ಅಂತಲೂ ಯಾರಾದರೂ ಕೇಳಬೇಕು.

ತೈವಾನ್ ದೇಶದಲ್ಲಿ ದೂರದ್ದು ಮಂಜಾಗಿ ಕಾಣುವ ಶಾಲಾ ಮಕ್ಕಳ ಪ್ರಮಾಣ ವರ್ಷವರ್ಷವೂ ಏರುತ್ತಿತ್ತು. 2010ರಿಂದ ಅವರು ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗಿನ ಬೆಳಕಿಗೆ ಬಿಡಿ ಅಂತ ಶಾಲೆಗಳಿಗೆ ಹೇಳಿದರು. ಏರುತ್ತಲೇ ಇದ್ದ ಪ್ರಮಾಣ ಕೆಲವೇ ವರ್ಷಗಳಲ್ಲಿ ಇಳಿಯತೊಡಗಿತು. ಮೊಬೈಲ್ ಬೇಡ ಅನ್ನುವುದಕ್ಕಿಂತ ಹೊರಗೆ ಬಾ ಅನ್ನುವುದು ಅಲ್ಲಿ ಫಲ ಕೊಟ್ಟಿತು.

ನಮ್ಮವರಲ್ಲಿ ಈ ಬಲ ಇದೆ. ಭಜನಾ ಮಂಡಳಿಗಳು, ಮಕ್ಕಳ ಯಕ್ಷಗಾನ ತರಗತಿಗಳು, ಚಿಣ್ಣರ ಬಿಂಬದಂಥ ಸಂಸ್ಥೆಗಳ ಶಿಬಿರಗಳು ಶನಿವಾರ, ಭಾನುವಾರ ಮಕ್ಕಳನ್ನು ಒಟ್ಟು ಸೇರಿಸುತ್ತಿವೆ. ಕುಣಿಯುವ, ಹಾಡುವ ಮಗುವಿಗೆ ಕನ್ನಡವೂ ಸಿಗುತ್ತದೆ, ಮೊಬೈಲೂ ಮರೆಯುತ್ತದೆ. ವಾರದ ಉಳಿದ ಐದು ಸಂಜೆಗಳಿಗೆ ಕೆಳಗಿನ ಕಂಪೌಂಡ್ ಬೇಕು. ಮಹಾರಾಷ್ಟ್ರದಲ್ಲಿ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಅಲ್ಲಿ ಲಿಫ್ಟ್ ರಿಪೇರಿ, ನೀರಿನ ಟ್ಯಾಂಕ್, ಪಾರ್ಕಿಂಗ್ ಚರ್ಚೆಯಾಗುತ್ತದೆ, ಮಕ್ಕಳ ಮಾತು ಬರುವುದಿಲ್ಲ. ಸಂಜೆ ಆರರಿಂದ ಎಂಟರವರೆಗೆ ಗೇಟಿನ ಒಂದು ಬದಿಯಲ್ಲಿ ಗಾಡಿ ನಿಲ್ಲಿಸಬಾರದು, ಅದು ಮಕ್ಕಳ ಜಾಗ ಅಂತ ಒಂದು ವಿಷಯ ಬರೆದು, ನಾಲ್ಕೈದು ಮನೆಯವರ ಸಹಿ ಹಾಕಿಸಿ, ಸಭೆಯ ನೋಟಿಸ್ ಹೊರಡುವ ಮೊದಲೇ ಸೆಕ್ರೆಟರಿಗೆ ಕೊಡಿ. ಪ್ರತಿಯ ಮೇಲೆ ಸ್ವೀಕೃತಿಯ ಸಹಿ ತಗೊಳ್ಳಿ. ಪಾಲನಾಘರದಿಂದ ಮಕ್ಕಳನ್ನು ಕರೆತರುವ ಅಮ್ಮಂದಿರು, ಊರಿಂದ ಬಂದು ಇರುವ ಅಜ್ಜ ಅಜ್ಜಿಯರು ಸರದಿಯಲ್ಲಿ ಕೆಳಗೆ ಕೂತರೆ ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆಯೂ ಉಳಿಯುವುದಿಲ್ಲ. ಪಾರ್ಕಿಂಗ್ ಜಾಗ ಕಡಿಮೆಯಾಗುತ್ತದೆ ಅಂತ ಕೆಲವರು ಎದ್ದು ನಿಲ್ಲುತ್ತಾರೆ. ಎರಡು ಗಂಟೆ ಮಾತ್ರ, ಮಳೆಗಾಲ ಬಿಟ್ಟು, ಮೂರು ತಿಂಗಳು ಮಾಡಿ ನೋಡೋಣ ಅಂತ ಕೇಳಿ. ಅಷ್ಟಕ್ಕೆ ಒಪ್ಪಿಸುವುದು ಕಷ್ಟವೇನಲ್ಲ.